ಟೆನ್ಸೈಲ್ ಟೆಸ್ಟ್ ಸಾಫ್ಟ್‌ವೇರ್: ಮೆಥಡ್ ಕಟ್ಟುವುದರಿಂದ ಕರ್ವ್ ಓದುವವರೆಗೆ

ಸ್ಟೀಲ್ ತುಂಡೊಂದನ್ನು ಯುಟಿಎಂಗೆ, ಅಂದರೆ ಎಳೆದು ಪರೀಕ್ಷಿಸುವ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್ನಿಗೆ, ಸಿಕ್ಕಿಸಿ ಸ್ಟಾರ್ಟ್ ಒತ್ತಿ. ಕೆಲವೇ ನಿಮಿಷದಲ್ಲಿ ತುಂಡು ಮುರಿಯುತ್ತದೆ. ಯೀಲ್ಡ್ (ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಟ್ಟ), ಟೆನ್ಸೈಲ್ ಸ್ಟ್ರೆಂತ್ (ತಾಳುವ ಗರಿಷ್ಠ ಮಟ್ಟ), ಮಾಡ್ಯುಲಸ್ (ಹಿಗ್ಗದಂತೆ ತಡೆಯುವ ಬಿಗಿತ), ಎಲಾಂಗೇಶನ್ (ಮುರಿಯುವಷ್ಟರಲ್ಲಿ ಶೇಕಡಾ ಎಷ್ಟು ಹಿಗ್ಗಿತು) ಎಲ್ಲವೂ ಪರದೆ ಮೇಲೆ ಸಾಲಾಗಿ ಬಂದು ಕೂರುತ್ತವೆ. ಚುಕ್ಕೆಯ ನಂತರ ಎರಡೆರಡು ಅಂಕಿ ಬೇರೆ. ಇಷ್ಟು ನೀಟಾಗಿ ಕಂಡರೆ ಯಾರಿಗಾದರೂ ನಂಬಿಕೆ ಬರುತ್ತದೆ, ಅಲ್ವಾ?

ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬಾರ್‌ನ ಯೀಲ್ಡ್ 269 ಮೆಗಾಪಾಸ್ಕಲ್ ಬಂತು. ಬರಬೇಕಿದ್ದದ್ದು 420ರ ಆಸುಪಾಸು. ಬಾರ್ ಕಳಪೆ ಎಂದು ವರದಿ ಬರೆಯಲು ಕೂತಿದ್ದೆ. ಕೊನೆಗೆ ನೋಡಿದರೆ ಎಳೆದದ್ದು 10 ಮಿ.ಮೀ. ವ್ಯಾಸದ ತುಂಡು, ಸಾಫ್ಟ್‌ವೇರ್‌ನಲ್ಲಿ ಹಿಂದಿನ ಟೆಸ್ಟಿನ 12.5 ಮಿ.ಮೀ. ಹಾಗೇ ಉಳಿದಿತ್ತು. ಅಡ್ಡಕೊಯ್ತದ ವಿಸ್ತೀರ್ಣ 78.54 ಚದರ ಮಿ.ಮೀ. ಇರಬೇಕಾದ ಕಡೆ 122.72 ಇತ್ತು. ಮೆಷಿನ್ ಸರಿ, ಬಾರ್ ಸರಿ, ಲೆಕ್ಕವೂ ಸರಿ. ತಪ್ಪಿದ್ದು ನಾನು ಕೊಟ್ಟ ಒಂದು ನಂಬರ್.

ಹಾಗಾಗಿ ಯಾವ ಬಟನ್ ಎಲ್ಲಿದೆ ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಇನ್‌ಸ್ಟ್ರಾನ್‌ನ ಬ್ಲೂಹಿಲ್, ಜ್ವಿಕ್‌ರೋಯೆಲ್‌ನ ಟೆಸ್ಟ್‌ಎಕ್ಸ್‌ಪರ್ಟ್, ಎಂಟಿಎಸ್‌ನ ಟೆಸ್ಟ್‌ಸೂಟ್, ಶಿಮಾಡ್ಜುವಿನ ಟ್ರಪೀಜಿಯಂ, ಟಿನಿಯಸ್ ಓಲ್ಸೆನ್‌ನ ಹೊರೈಜನ್, ಇವೆಲ್ಲದರ ಮೆನು ಬೇರೆ ಬೇರೆ. ಒಳಗಿನ ಪ್ರಶ್ನೆಗಳು ಮಾತ್ರ ಒಂದೇ. ಪರದೆ ಮೇಲಿನ ಪ್ರತಿ ನಂಬರಿನ ಹಿಂದೆ ನೀವು ತೆಗೆದುಕೊಂಡ, ಇಲ್ಲವೇ ತೆಗೆದುಕೊಳ್ಳದೆ ಬಿಟ್ಟ, ಒಂದು ತೀರ್ಮಾನ ಇರುತ್ತದೆ. ಆ ತೀರ್ಮಾನಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಸ್ಟ್ಯಾಂಡರ್ಡ್, ಆಮೇಲೆ ಸಾಫ್ಟ್‌ವೇರ್

ಯಾವ ಸ್ಟ್ಯಾಂಡರ್ಡ್ ಪ್ರಕಾರ ಟೆಸ್ಟ್ ಎಂದು ಗೊತ್ತಾಗದೆ ಸಾಫ್ಟ್‌ವೇರ್ ತೆರೆಯಬೇಡಿ. ಲೋಹಕ್ಕೆ ಸಾಮಾನ್ಯವಾಗಿ ಐಎಸ್‌ಒ 6892-1 ಅಥವಾ ಎಎಸ್‌ಟಿಎಂ ಇ8. ಪ್ಲಾಸ್ಟಿಕ್‌ಗೆ ಐಎಸ್‌ಒ 527 ಅಥವಾ ಎಎಸ್‌ಟಿಎಂ ಡಿ638. ಇವುಗಳ ನಡುವೆ ವ್ಯತ್ಯಾಸ ಸಣ್ಣದಲ್ಲ. ದುಂಡು ಸ್ಪೆಸಿಮನ್‌ಗೆ, ಅಂದರೆ ಟೆಸ್ಟಿನ ತುಂಡಿಗೆ, ಐಎಸ್‌ಒ ಕೇಳುವ ಗೇಜ್ ಲೆಂತ್ (ಹಿಗ್ಗು ಅಳೆಯುವ ಗುರುತುಗಳ ನಡುವಿನ ಮೂಲ ಉದ್ದ) ಸಾಮಾನ್ಯವಾಗಿ ವ್ಯಾಸದ 5 ಪಟ್ಟು. ಎಎಸ್‌ಟಿಎಂ ಇ8 ಮೆಟ್ರಿಕ್ ಅಲ್ಲದ ರೂಪದಲ್ಲಿ 4 ಪಟ್ಟು. ಒಂದೇ ಸ್ಟೀಲನ್ನು ಎರಡೂ ರೀತಿಯಲ್ಲಿ ಎಳೆದರೆ 4 ಪಟ್ಟಿನದ್ದು ಜಾಸ್ತಿ ಎಲಾಂಗೇಶನ್ ತೋರಿಸುತ್ತದೆ. ಮುರಿಯುವ ಮುಂಚೆ ಒಂದು ಕಡೆ ಸೊಂಟ ಸಣ್ಣಗಾಗುತ್ತದಲ್ಲ, ಅದನ್ನು ನೆಕ್ಕಿಂಗ್ ಎನ್ನುತ್ತೇವೆ. ಅಲ್ಲಿ ಹಿಗ್ಗಿದ್ದು ಎರಡರಲ್ಲೂ ಒಂದೇ. ಭಾಗಿಸುವ ಉದ್ದ ಕಮ್ಮಿಯಾದರೆ ಶೇಕಡಾವಾರು ಏರುತ್ತದೆ, ಅಷ್ಟೇ.

ಇನ್ನು ಸೆನ್ಸರ್‌ಗಳು. ಲೋಡ್ ಸೆಲ್ ಬಲ ಅಳೆಯುತ್ತದೆ, ಎಕ್ಸ್‌ಟೆನ್ಸೋಮೀಟರ್ ಹಿಗ್ಗುವುದನ್ನು ಅಳೆಯುತ್ತದೆ. ಲೋಡ್ ಸೆಲ್‌ಗೆ ಐಎಸ್‌ಒ 7500-1, ಎಕ್ಸ್‌ಟೆನ್ಸೋಮೀಟರ್‌ಗೆ ಐಎಸ್‌ಒ 9513 ಪ್ರಕಾರ ಕ್ಯಾಲಿಬ್ರೇಷನ್ ಆಗಿರಬೇಕು. 0.2% ಯೀಲ್ಡ್ (ಇದೇನೆಂದು ಮುಂದೆ ಹೇಳುತ್ತೇನೆ) ಬೇಕಿದ್ದರೆ ಎರಡೂ ಕ್ಲಾಸ್ 1 (ತಪ್ಪು 1% ಒಳಗೆ) ಅಥವಾ ಅದಕ್ಕಿಂತ ಒಳ್ಳೆಯದಿರಲಿ. ನಿಮ್ಮ ಟೆಸ್ಟಿನ ಬಲ ಕ್ಯಾಲಿಬ್ರೇಷನ್ ಆದ ವ್ಯಾಪ್ತಿಯ ಒಳಗೇ ಬರುತ್ತದೆಯೇ ಎಂದು ಸರ್ಟಿಫಿಕೇಟ್ ತೆಗೆದು ನೋಡಿ. 600 ಕಿಲೋನ್ಯೂಟನ್ ಮೆಷಿನ್‌ನಲ್ಲಿ 500 ನ್ಯೂಟನ್‌ಗೆ ಹರಿಯುವ ತೆಳು ತಂತಿ ಎಳೆದರೂ ಸಾಫ್ಟ್‌ವೇರ್ ತಕರಾರಿಲ್ಲದೆ ಉತ್ತರ ಕೊಡುತ್ತದೆ. ಆ ಉತ್ತರಕ್ಕೆ ಬೆಲೆ ಇಲ್ಲ.

ಕ್ರಾಸ್‌ಹೆಡ್ ನಂಬಿ ಮಾಡ್ಯುಲಸ್ ಹೇಳಬೇಡಿ

ಎಕ್ಸ್‌ಟೆನ್ಸೋಮೀಟರ್ ಹಾಕುವುದು ರಗಳೆ ಎಂದು ಕೆಲವರು ಕ್ರಾಸ್‌ಹೆಡ್ (ತುಂಡನ್ನು ಎಳೆಯುವ, ಮೆಷಿನ್ನಿನ ಚಲಿಸುವ ಅಡ್ಡಪಟ್ಟಿ) ಎಷ್ಟು ಸರಿಯಿತು ಎಂಬುದನ್ನೇ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಏಕೆ ಕೆಲಸ ಮಾಡುವುದಿಲ್ಲ ಎಂದು ಒಂದು ಲೆಕ್ಕ ಹೇಳುತ್ತದೆ. ಸ್ಟೀಲಿನ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್. 10 ಮಿ.ಮೀ. ತುಂಡಿನ ಮೇಲೆ 200 ಮೆಗಾಪಾಸ್ಕಲ್ ಸ್ಟ್ರೆಸ್ (ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು) ಬರಲು 15.7 ಕಿಲೋನ್ಯೂಟನ್ ಬೇಕು. ಆಗ 50 ಮಿ.ಮೀ. ಗೇಜ್ ಲೆಂತ್ ಹಿಗ್ಗುವುದು ಬರೀ 0.05 ಮಿ.ಮೀ. ಒಂದು ಕೂದಲಿನ ದಪ್ಪ ಎನ್ನಿ. ಅದೇ ಬಲಕ್ಕೆ ಮೆಷಿನ್ನಿನ ಫ್ರೇಮ್ ಬಳುಕುತ್ತದೆ, ಲೋಡ್ ಸೆಲ್ ಹಿಗ್ಗುತ್ತದೆ, ತುಂಡನ್ನು ಹಿಡಿಯುವ ಜಾ ಹಲ್ಲುಗಳು ಅದರೊಳಗೆ ಕಚ್ಚಿಕೊಂಡು ಜಾರುತ್ತವೆ. ಇದೆಲ್ಲ ಸೇರಿದರೆ ಆ 0.05ಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಪರದೆ ಮೇಲೆ ಸ್ಟೀಲಿಗೆ 40 ಗಿಗಾಪಾಸ್ಕಲ್ ಕಂಡರೆ ಗಾಬರಿ ಬೇಡ, ಅದರಲ್ಲಿ ಬಹುಪಾಲು ಮೆಷಿನ್ನಿನ ಬಳುಕು.

ಮೆಷಿನ್ ಬಳುಕನ್ನು ಕಳೆಯುವ ಸೌಲಭ್ಯ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ. ಗಟ್ಟಿ ಉಕ್ಕಿನ ತುಂಡೊಂದನ್ನು ಸಿಕ್ಕಿಸಿ ಎಳೆದು, ಬಲಕ್ಕೆ ತಕ್ಕಂತೆ ಮೆಷಿನ್ ಎಷ್ಟು ಬಳುಕುತ್ತದೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಕಂಪ್ರೆಷನ್ ಟೆಸ್ಟ್‌ಗೆ, ಮೂರು ಪಾಯಿಂಟ್ ಬೆಂಡ್ ಟೆಸ್ಟ್‌ಗೆ ಇದು ಉಪಯೋಗಕ್ಕೆ ಬರುತ್ತದೆ. ಲೋಹದ ಟೆನ್ಸೈಲ್ ಮಾಡ್ಯುಲಸ್‌ಗೆ ನಾನಂತೂ ಇದನ್ನು ನಂಬುವುದಿಲ್ಲ. ಜಾ ಕಚ್ಚುವುದು ಪ್ರತಿ ಸಲವೂ ಬೇರೆ ಇರುತ್ತದೆ.

ಮೆಥಡ್ ಕಟ್ಟುವುದು

ಮೆಥಡ್ ಎಂದರೆ ಟೆಸ್ಟಿನ ಪೂರ್ತಿ ಪಟ್ಟಿ: ಏನು ಕೇಳಬೇಕು, ಹೇಗೆ ಎಳೆಯಬೇಕು, ಏನು ದಾಖಲಿಸಬೇಕು, ಯಾವಾಗ ನಿಲ್ಲಬೇಕು, ಏನು ಲೆಕ್ಕ ಹಾಕಬೇಕು. ಸಾಫ್ಟ್‌ವೇರ್ ಜೊತೆ ಬರುವ ರೆಡಿ ಟೆಂಪ್ಲೇಟ್ ತೆಗೆದುಕೊಂಡರೂ ಒಳಗಿನ ಪ್ರತಿ ಪುಟ ತೆರೆದು ನೋಡಿ. ಹೆಸರಿನಲ್ಲಿ ಸ್ಟ್ಯಾಂಡರ್ಡಿನ ನಂಬರ್ ಇದ್ದ ಮಾತ್ರಕ್ಕೆ ಒಳಗೂ ಅದೇ ಇದೆ ಎಂದಲ್ಲ. ನಿಮಗಿಂತ ಮುಂಚೆ ಯಾರೋ ಬದಲಿಸಿರಬಹುದು.

ಶುರುವಿನಲ್ಲಿ ಅಳತೆ ಕೇಳುವ ಕಿಟಕಿ. ಇಲ್ಲಿ ಒಂದೇ ಸಲಹೆ: ವ್ಯಾಸ, ಅಗಲ, ದಪ್ಪದ ಜಾಗ ಪ್ರತಿ ಸ್ಪೆಸಿಮನ್‌ಗೂ ಖಾಲಿ ಬರುವಂತೆ, ತುಂಬದಿದ್ದರೆ ಸ್ಟಾರ್ಟ್ ಆಗದಂತೆ ಮಾಡಿ. ಬಹಳ ಸಾಫ್ಟ್‌ವೇರ್‌ಗಳಲ್ಲಿ ಇದು ಒಂದು ಟಿಕ್ ಹಾಕಿದರೆ ಆಗುತ್ತದೆ. ಮೇಲೆ ಹೇಳಿದ ನನ್ನ ಎಡವಟ್ಟು ಆಗ ಆಗುತ್ತಲೇ ಇರಲಿಲ್ಲ. ವ್ಯಾಸವನ್ನು ಮೈಕ್ರೋಮೀಟರ್‌ನಿಂದ ಮೂರು ಕಡೆ ಅಳೆಯಿರಿ. 10 ಮಿ.ಮೀ.ನಲ್ಲಿ 0.1 ಮಿ.ಮೀ. ತಪ್ಪಾದರೆ ವಿಸ್ತೀರ್ಣ 2% ತಪ್ಪುತ್ತದೆ. ಕ್ಲಾಸ್ 1 ಲೋಡ್ ಸೆಲ್‌ನ ಅನುಮತಿಸಿದ ತಪ್ಪೇ 1%. ಕೈಯಲ್ಲಿರುವ ಮೈಕ್ರೋಮೀಟರ್ ಆ ದುಬಾರಿ ಸೆನ್ಸರ್‌ಗಿಂತ ಜಾಸ್ತಿ ಕೆಡಿಸಬಲ್ಲದು.

ಆಮೇಲೆ ವೇಗ. ಲೋಹವನ್ನು ಬೇಗ ಎಳೆದರೆ ಯೀಲ್ಡ್ ಸ್ವಲ್ಪ ಮೇಲೆ ಬರುತ್ತದೆ, ನಿಧಾನಕ್ಕೆ ಎಳೆದರೆ ಕೆಳಗೆ. ಅದಕ್ಕೇ ಸ್ಟ್ಯಾಂಡರ್ಡ್‌ಗಳು ವೇಗದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿರುವುದು. ಐಎಸ್‌ಒ 6892-1ರ ಮೆಥಡ್ ಎ ಪ್ರಕಾರ ಯೀಲ್ಡ್ ತನಕ ಸ್ಟ್ರೇನ್ ರೇಟ್ ಸೆಕೆಂಡಿಗೆ 0.00025 ಇಡುವುದು ರೂಢಿ. ಎಎಸ್‌ಟಿಎಂ ಇ8ರ ಒಂದು ವಿಧಾನ ನಿಮಿಷಕ್ಕೆ 0.015 ಎನ್ನುತ್ತದೆ. ಅರವತ್ತರಿಂದ ಗುಣಿಸಿ ನೋಡಿ, ಎರಡೂ ಒಂದೇ! ಸ್ಪೆಸಿಮನ್ನಿನ ಸಮಾನಾಂತರ ಭಾಗ 60 ಮಿ.ಮೀ. ಇದ್ದರೆ ಕ್ರಾಸ್‌ಹೆಡ್ ವೇಗ ನಿಮಿಷಕ್ಕೆ 0.9 ಮಿ.ಮೀ. ಆಯಿತು. ಯೀಲ್ಡ್ ದಾಟಿದ ಮೇಲೆ ಐಎಸ್‌ಒ ಸೆಕೆಂಡಿಗೆ 0.0067ರ ತನಕ ಹೋಗಲು ಬಿಡುತ್ತದೆ. ಅದೇ ತುಂಡಿಗೆ ಅದು ನಿಮಿಷಕ್ಕೆ ಸುಮಾರು 24 ಮಿ.ಮೀ.

ವೇಗ ಬದಲಾಗುವ ಜಾಗದಲ್ಲಿ ಸ್ಟ್ರೆಸ್-ಸ್ಟ್ರೇನ್ ಕರ್ವ್‌ನಲ್ಲಿ ಒಂದು ಸಣ್ಣ ಮೆಟ್ಟಿಲು ಏಳುತ್ತದೆ. ಅದು ಲೋಹದ ಗುಣವಲ್ಲ, ನೀವು ವೇಗ ಏರಿಸಿದ್ದರ ಗುರುತು. ಈ ಮೆಟ್ಟಿಲು 0.2% ಯೀಲ್ಡ್ ಸಿಗುವ ಮುಂಚೆಯೇ ಬಿದ್ದರೆ ಯೀಲ್ಡ್ ನಂಬರ್ ಹಾಳು. ಬದಲಾವಣೆಯನ್ನು ಸುಮಾರು 2% ಸ್ಟ್ರೇನ್ ಆದ ಮೇಲೆ ಇಟ್ಟುಕೊಳ್ಳಿ. ಯೀಲ್ಡ್ ಆದ ಮೇಲೆ ಬಲ ಏರದೆ ಸಪಾಟಾಗಿ ಸಾಗುವ ಸ್ಟೀಲ್ ಆದರೆ ಆ ಸಪಾಟು ಮುಗಿಯುವ ತನಕ ಕಾಯಿರಿ.

ಕಂಟ್ರೋಲ್ ಯಾವುದು ಎಂಬ ಪ್ರಶ್ನೆಯೂ ಇದೆ. ಎಕ್ಸ್‌ಟೆನ್ಸೋಮೀಟರ್ ನೋಡುತ್ತಾ ಮೆಷಿನ್ ತಾನೇ ವೇಗ ಸರಿಹೊಂದಿಸಿಕೊಳ್ಳುವುದು ಒಂದು ಬಗೆ, ಕ್ರಾಸ್‌ಹೆಡ್ಡನ್ನು ಒಂದೇ ವೇಗದಲ್ಲಿ ಓಡಿಸುವುದು ಇನ್ನೊಂದು. ಅಲ್ಯೂಮಿನಿಯಂನಂಥ ನಯವಾಗಿ ಬಾಗುವ ಕರ್ವ್‌ಗೆ ಮೊದಲನೆಯದು ಚೆಂದ. ಮೈಲ್ಡ್ ಸ್ಟೀಲ್‌ಗೆ ಅದು ತಲೆನೋವು. ಮೈಲ್ಡ್ ಸ್ಟೀಲ್ ಯೀಲ್ಡ್ ಆಗುವಾಗ ಇಡೀ ತುಂಡು ಒಟ್ಟಿಗೆ ಹಿಗ್ಗುವುದಿಲ್ಲ. ಒಂದು ಕಡೆ ಶುರುವಾದ ಪಟ್ಟಿ ನಿಧಾನಕ್ಕೆ ಹರಡುತ್ತಾ ಹೋಗುತ್ತದೆ, ಲೂಡರ್ಸ್ ಬ್ಯಾಂಡ್ ಎಂದು ಅದರ ಹೆಸರು. ಆ ಪಟ್ಟಿ ಎಕ್ಸ್‌ಟೆನ್ಸೋಮೀಟರ್ ಹೊರಗಡೆ ಶುರುವಾದರೆ ಸೆನ್ಸರ್‌ಗೆ ಏನೂ ಕಾಣಿಸುವುದಿಲ್ಲ. ಸ್ಟ್ರೇನ್ ಏರುತ್ತಿಲ್ಲವಲ್ಲ ಎಂದು ಮೆಷಿನ್ ಜೋರಾಗಿ ಎಳೆಯುತ್ತದೆ. ಪಟ್ಟಿ ಒಳಗೆ ಬಂದ ತಕ್ಷಣ ಗಕ್ಕನೆ ಬ್ರೇಕ್ ಹಾಕುತ್ತದೆ. ಕರ್ವ್ ಗರಗಸದ ಹಲ್ಲಿನಂತಾಗುತ್ತದೆ. ಇಂಥ ಸ್ಟೀಲ್‌ಗೆ ಸುಮ್ನೆ ಕ್ರಾಸ್‌ಹೆಡ್ ವೇಗವೇ ಇಡಿ, ಸ್ಟ್ಯಾಂಡರ್ಡ್ ಕೂಡ ಅದಕ್ಕೆ ದಾರಿ ಕೊಟ್ಟಿದೆ.

ದಾಖಲಿಸುವ ವೇಗವನ್ನು ಊಹೆಯಿಂದ ಹಾಕಬೇಡಿ, ಲೆಕ್ಕ ಮಾಡಿ. ಸ್ಟ್ರೇನ್ ರೇಟ್ 0.00025, ಮಾಡ್ಯುಲಸ್ 2,00,000 ಮೆಗಾಪಾಸ್ಕಲ್. ಎರಡನ್ನೂ ಗುಣಿಸಿದರೆ ಸ್ಟ್ರೆಸ್ ಸೆಕೆಂಡಿಗೆ 50 ಮೆಗಾಪಾಸ್ಕಲ್ ಏರುತ್ತದೆ. ಯೀಲ್ಡ್ 300ರ ಹತ್ತಿರ ಇದ್ದು, 1% ಅಂದರೆ 3 ಮೆಗಾಪಾಸ್ಕಲ್‌ಗಿಂತ ಜಾಸ್ತಿ ತಪ್ಪಬಾರದು ಎಂದರೆ ಸೆಕೆಂಡಿಗೆ ಕನಿಷ್ಠ 17 ರೀಡಿಂಗ್ ಬೇಕು. ಸೆಕೆಂಡಿಗೆ 5 ಇಟ್ಟರೆ ಮೇಲಿನ ಯೀಲ್ಡ್ ಶಿಖರ (ಯೀಲ್ಡ್ ಆಗಿ ಬಲ ಕುಸಿಯುವ ಮುಂಚಿನ ತುದಿ) ಎರಡು ರೀಡಿಂಗ್‌ಗಳ ನಡುವೆ ಕಳೆದುಹೋಗಬಹುದು. 50 ಅಥವಾ 100 ಇಡಿ. ಫೈಲ್ ದೊಡ್ಡದಾಗುತ್ತದೆ ಎಂಬ ಚಿಂತೆ ಈಗಿನ ಕಂಪ್ಯೂಟರ್‌ಗೆ ಬೇಡ. ಫಿಲ್ಟರ್, ಸ್ಮೂಥಿಂಗ್ ಎಂದು ಎಲ್ಲಾದರೂ ಇದ್ದರೆ ಅದನ್ನು ಆಫ್ ಮಾಡಿ. ಕರ್ವ್ ಅಂದವಾಗಿ ಕಾಣಲೆಂದು ಅದು ಕೊಯ್ಯುವುದೇ ಆ ಶಿಖರವನ್ನು.

ಕೊನೆಗೆ ನಿಲ್ಲುವ ಷರತ್ತು. ಗರಿಷ್ಠ ಬಲದಿಂದ ಶೇಕಡಾ ಇಷ್ಟು ಇಳಿದರೆ ತುಂಡು ಮುರಿದಿದೆ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ. ಇದನ್ನು ತೀರಾ ಕಮ್ಮಿ, 5% ಎಂಬಂತೆ ಇಟ್ಟರೆ ನೆಕ್ಕಿಂಗ್ ಶುರುವಾದ ಕೂಡಲೇ ಟೆಸ್ಟ್ ನಿಂತುಬಿಡುತ್ತದೆ. ಲೋಹಕ್ಕೆ 40% ಅಥವಾ ಅದಕ್ಕೂ ಮೇಲೆ ಇಡುವುದು ವಾಸಿ. ಕ್ಲಿಪ್ ಮಾದರಿಯ ಎಕ್ಸ್‌ಟೆನ್ಸೋಮೀಟರ್ ಮುರಿತದ ಹೊಡೆತ ತಾಳುವಂಥದ್ದು ಅಲ್ಲದಿದ್ದರೆ, ಅದನ್ನು ತೆಗೆಯಲು ಒಂದು ಸ್ಟ್ರೇನ್ ಗುರುತಿಟ್ಟು ಅಲ್ಲಿಂದ ಮುಂದೆ ಕ್ರಾಸ್‌ಹೆಡ್ ಅಳತೆ ಬಳಸುವಂತೆ ಹೇಳಿ. ಸ್ಟ್ರೇನ್ ಕಂಟ್ರೋಲ್‌ನಲ್ಲಿ ಓಡುತ್ತಿದ್ದರೆ ಇಲ್ಲಿ ಹುಷಾರು. ಕಂಟ್ರೋಲ್ ಇನ್ನೂ ಎಕ್ಸ್‌ಟೆನ್ಸೋಮೀಟರ್ ಕೈಯಲ್ಲಿದ್ದಾಗ ಅದನ್ನು ಕಿತ್ತರೆ ಕ್ರಾಸ್‌ಹೆಡ್ ಹುಚ್ಚು ಹಿಡಿದಂತೆ ಓಡುತ್ತದೆ. ಮೊದಲು ಕಂಟ್ರೋಲ್ ಬದಲಾಗಬೇಕು, ಆಮೇಲೆ ಕೈ ಹಾಕಬೇಕು.

ತುಂಡು ಸಿಕ್ಕಿಸಿ ಓಡಿಸುವುದು

ಬಲದ ಸೊನ್ನೆ ಯಾವಾಗ ಒತ್ತಬೇಕು? ಇದನ್ನು ತಪ್ಪು ಮಾಡುವವರು ಬಹಳ. ಗ್ರಿಪ್ ಎಲ್ಲ ಜೋಡಿಸಿದ ಮೇಲೆ, ಆದರೆ ಸ್ಪೆಸಿಮನ್ನಿನ ಎರಡೂ ತುದಿ ಬಿಗಿಯುವ ಮುಂಚೆ. ಎರಡೂ ಕಡೆ ಬಿಗಿದಾಗ ತುಂಡಿನ ಮೇಲೆ ಒಂದಿಷ್ಟು ಬಲ ಬೀಳುತ್ತದೆ. ಅದು ನಿಜವಾದ ಬಲ. ಪರದೆಯಲ್ಲಿ ಸೊನ್ನೆ ಇಲ್ಲವಲ್ಲ ಎಂದು ಆಗ ಸೊನ್ನೆ ಒತ್ತಿದರೆ ಆ ಬಲವನ್ನು ಅಳಿಸಿ ಹಾಕಿದ ಹಾಗೆ. ಬಿಗಿಯುವಾಗ ಬಲ ಏರದಂತೆ ಕ್ರಾಸ್‌ಹೆಡ್ಡನ್ನು ತಾನೇ ಸರಿಸುವ ಸೌಲಭ್ಯ ಇದ್ದರೆ ಆನ್ ಮಾಡಿ. ಎಕ್ಸ್‌ಟೆನ್ಸೋಮೀಟರ್‌ನ ಸೊನ್ನೆ ಬೇರೆ ಮಾತು. ಅದನ್ನು ತುಂಡಿಗೆ ಹಾಕಿ ಅದರ ಲಾಕ್ ಪಿನ್ ತೆಗೆದ ಮೇಲೆ ಒತ್ತಬೇಕು.

ತುಂಡು ನೆಟ್ಟಗೆ ನಿಂತಿದೆಯೇ, ಜಾ ಒಳಗೆ ಸಾಕಷ್ಟು ಉದ್ದ ಹೋಗಿದೆಯೇ ನೋಡಿ. ಕ್ರಾಸ್‌ಹೆಡ್‌ನ ಮೇಲಿನ ಕೆಳಗಿನ ಮಿತಿಗೆ ಮೆಕ್ಯಾನಿಕಲ್ ಸ್ಟಾಪ್ ಬಿಗಿಯಿರಿ, ಸಾಫ್ಟ್‌ವೇರ್‌ನಲ್ಲೂ ಬಲದ ಮಿತಿ ಹಾಕಿ. ಮುಂದಿನ ಗಾಜು ಮುಚ್ಚಿ. ಎಮರ್ಜೆನ್ಸಿ ಬಟನ್ ಕೈಗೆ ಎಟುಕುವಂತಿರಲಿ.

ಸ್ಟಾರ್ಟ್ ಒತ್ತಿದ ಮೇಲೆ ಮೊದಲ ಹತ್ತು ಸೆಕೆಂಡ್ ಪರದೆಯಿಂದ ಕಣ್ಣು ತೆಗೆಯಬೇಡಿ. ಬಲ ಏರುತ್ತಿದೆ, ಸ್ಟ್ರೇನ್ ಏರುತ್ತಿಲ್ಲ ಎಂದರೆ ಪಿನ್ ತೆಗೆದಿಲ್ಲ ಅಥವಾ ಎಕ್ಸ್‌ಟೆನ್ಸೋಮೀಟರ್‌ನ ಕತ್ತಿಯಂಚು ತುಂಡನ್ನು ಹಿಡಿದಿಲ್ಲ. ಇನ್ನೂ ಎಲಾಸ್ಟಿಕ್ ಹಂತದಲ್ಲೇ (ಬಲ ಬಿಟ್ಟರೆ ತುಂಡು ಮೊದಲಿನಂತಾಗುವ ಹಂತ) ಇದ್ದರೆ ನಿಲ್ಲಿಸಿ, ಬಲ ಇಳಿಸಿ ಮತ್ತೆ ಶುರು ಮಾಡಬಹುದು. ಯೀಲ್ಡ್ ದಾಟಿದ ಮೇಲೆ ಗೊತ್ತಾದರೆ ಆ ತುಂಡು ಹೋಯಿತು.

ಟೇಬಲ್ ಮುಚ್ಚಿ, ಕರ್ವ್ ನೋಡಿ

ಟೆಸ್ಟ್ ಮುಗಿದ ಕೂಡಲೇ ಕಣ್ಣು ನಂಬರುಗಳ ಕಡೆ ಓಡುತ್ತದೆ. ನಾನು ರಿಸಲ್ಟ್ ಟೇಬಲ್ ಮುಚ್ಚಿಟ್ಟು ಗ್ರಾಫ್ ಮಾತ್ರ ಕಾಣುವಂತೆ ಪರದೆ ಜೋಡಿಸಿಕೊಂಡಿದ್ದೇನೆ. ನಂಬರ್ ಒಮ್ಮೆ ನೋಡಿದರೆ ಕರ್ವ್‌ನ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಮನಸ್ಸು ಒಪ್ಪಿಬಿಟ್ಟಿರುತ್ತದೆ.

ಏನು ಹುಡುಕಬೇಕು? ಬಲ ಏರುತ್ತಿರುವಾಗಲೇ ಸ್ಟ್ರೇನ್ ಥಟ್ಟನೆ ಪಕ್ಕಕ್ಕೆ ಹಾರಿದ್ದರೆ ಎಕ್ಸ್‌ಟೆನ್ಸೋಮೀಟರ್ ಜಾರಿದೆ. ಬಲವೇ ಥಟ್ಟನೆ ಇಳಿದು ಮತ್ತೆ ಏರಿದ್ದರೆ ಜಾ ಜಾರಿದೆ. ನೇರ ಭಾಗ ನೇರವಾಗಿರದೆ ಬಾಗಿದ್ದರೆ ತುಂಡು ಸೊಟ್ಟ ಇತ್ತು ಅಥವಾ ಓರೆಯಾಗಿ ಕೂತಿತ್ತು. ಸ್ಟ್ರೇನ್ ಹಿಂದಕ್ಕೆ ಹೋಗಿ ಮೈನಸ್ ಆಗಿ ಆಮೇಲೆ ಮುಂದಕ್ಕೆ ಬಂದಿದ್ದರೂ ಅದೇ ಕಥೆ. ಸೊಟ್ಟ ತುಂಡು ನೆಟ್ಟಗಾಗುವಾಗ ಒಂದು ಬದಿ ಹಿಗ್ಗುತ್ತದೆ, ಎದುರಿನ ಬದಿ ಕುಗ್ಗುತ್ತದೆ. ಒಂದೇ ಬದಿ ಅಳೆಯುವ ಎಕ್ಸ್‌ಟೆನ್ಸೋಮೀಟರ್‌ಗೆ ಅರ್ಧ ಸತ್ಯ ಮಾತ್ರ ಗೊತ್ತು. ಮಾಡ್ಯುಲಸ್ ಮುಖ್ಯವಾದರೆ ಎರಡೂ ಬದಿ ಅಳೆದು ಸರಾಸರಿ ಕೊಡುವಂಥದ್ದನ್ನೇ ಬಳಸಿ.

ಸ್ಲೋಪ್: ಎಲ್ಲ ಇಲ್ಲಿಂದಲೇ

1874ರಲ್ಲಿ ಲಂಡನ್ನಿನ ಸದರ್ಕ್ ಸ್ಟ್ರೀಟ್‌ನಲ್ಲಿ ಡೇವಿಡ್ ಕಿರ್ಕಾಲ್ಡಿ ತನ್ನ ಟೆಸ್ಟಿಂಗ್ ಕಟ್ಟಡ ತೆರೆದ. ಬಾಗಿಲ ಮೇಲೆ ಕೆತ್ತಿಸಿದ ಮಾತು: ಬೇಕಿರುವುದು ಸತ್ಯಾಂಶ, ಅಭಿಪ್ರಾಯವಲ್ಲ. ಆದರೆ ಕರ್ವ್‌ನ ನೇರ ಭಾಗ ಎಲ್ಲಿಂದ ಎಲ್ಲಿಗೆ ಎಂದು ಗುರುತಿಸುವುದು ಇವತ್ತಿಗೂ ಅಭಿಪ್ರಾಯವೇ. ಸಾಫ್ಟ್‌ವೇರ್ ತಾನೇ ಹುಡುಕಿ ಗೆರೆ ಎಳೆದಾಗ ಆ ಅಭಿಪ್ರಾಯ ಅದನ್ನು ಬರೆದವರದ್ದು.

ಲೆಕ್ಕ ಸುಲಭ. ಎರಡು ಜಾಗ ಆರಿಸಿ, ಅವುಗಳ ನಡುವಿನ ಎಲ್ಲ ಬಿಂದುಗಳಿಗೆ ಹೊಂದುವ ನೇರ ಗೆರೆ ಎಳೆಯಿರಿ, ಅದರ ಸ್ಲೋಪೇ ಮಾಡ್ಯುಲಸ್. ನಮ್ಮ 10 ಮಿ.ಮೀ. ತುಂಡಿನಲ್ಲಿ 3.93 ಕಿಲೋನ್ಯೂಟನ್‌ಗೆ 50 ಮೆಗಾಪಾಸ್ಕಲ್, 15.71ಕ್ಕೆ 200. ಹಿಗ್ಗಿದ್ದು 0.0125ರಿಂದ 0.05 ಮಿ.ಮೀ. ಅಂದರೆ ಸ್ಟ್ರೇನ್ 0.00025ರಿಂದ 0.001. 150ನ್ನು 0.00075ರಿಂದ ಭಾಗಿಸಿ, 2,00,000 ಮೆಗಾಪಾಸ್ಕಲ್ ಬಂತು.

ಕಷ್ಟ ಇರುವುದು ಜಾಗ ಆರಿಸುವುದರಲ್ಲಿ. ತೀರಾ ಕೆಳಗೆ ಶುರು ಮಾಡಿದರೆ ಗ್ರಿಪ್ ಬಿಗಿಗೊಳ್ಳುವ ಬಾಗು ಸೇರಿಕೊಳ್ಳುತ್ತದೆ. ತೀರಾ ಮೇಲೆ ಹೋದರೆ ಯೀಲ್ಡ್‌ಗೆ ಮುಂಚಿನ ಬಾಗು ಸೇರಿಕೊಳ್ಳುತ್ತದೆ. ಎರಡರಲ್ಲೂ ಸ್ಲೋಪ್ ಕಮ್ಮಿಯಾಗುತ್ತದೆ. ನಿರೀಕ್ಷಿತ ಯೀಲ್ಡ್‌ನ 10%ರಿಂದ 40%ವರೆಗೆ ಎಂಬುದು ನಾನು ಶುರು ಮಾಡುವ ಜಾಗ. ಯೀಲ್ಡ್ 400 ಇದ್ದರೆ 40ರಿಂದ 160. ಆಮೇಲೆ ಆ ಭಾಗವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ಗೆರೆ ಬಿಂದುಗಳ ಮೇಲೆ ಕೂತಿದೆಯೇ ಎಂದು ಕಣ್ಣಿನಿಂದ ನೋಡುತ್ತೇನೆ. ಪೂರ್ತಿ ಕರ್ವ್‌ನಲ್ಲಿ ಎಲಾಸ್ಟಿಕ್ ಭಾಗ ಎಡ ಅಂಚಿಗೆ ಅಂಟಿದ ಒಂದು ಗೀಟು ಮಾತ್ರ. ಅದರಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆ: ಮಿತಿಗಳನ್ನು ಸ್ವಲ್ಪ ಆಚೀಚೆ ಸರಿಸಿ. 40–160ರ ಬದಲು 60–180. ಸ್ಲೋಪ್ 1–2% ಮಾತ್ರ ಅಲ್ಲಾಡಿದರೆ ಸರಿ. 10% ಅಲ್ಲಾಡಿದರೆ ನಿಮ್ಮ ಹತ್ತಿರ ನೇರ ಭಾಗವೇ ಇಲ್ಲ, ದೋಷ ಇರುವುದು ತುಂಡನ್ನು ಕೂರಿಸಿದ ರೀತಿಯಲ್ಲಿ ಅಥವಾ ಎಕ್ಸ್‌ಟೆನ್ಸೋಮೀಟರ್‌ನಲ್ಲಿ. ಸ್ಟೀಲ್‌ಗೆ 200–210, ಅಲ್ಯೂಮಿನಿಯಂಗೆ 70ರ ಆಸುಪಾಸು ಗಿಗಾಪಾಸ್ಕಲ್ ಬರಬೇಕು. ಗ್ರೇಡ್ ಬದಲಾದರೂ, ಶಾಖ ಕೊಟ್ಟು ಗಟ್ಟಿ ಮಾಡಿದರೂ ಇದು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಮಾಡ್ಯುಲಸ್ ಯಾರೂ ಕೇಳದಿದ್ದರೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಇಡೀ ಸೆಟಪ್ಪಿನ ಆರೋಗ್ಯವನ್ನು ಅದೇ ಹೇಳುತ್ತದೆ. ಸ್ಟೀಲ್‌ಗೆ 160 ಬಂದ ದಿನ ಉಳಿದ ನಂಬರುಗಳನ್ನೂ ಕಳಿಸಬೇಡಿ.

0.2% ಯೀಲ್ಡ್ ಮತ್ತು ಯೀಲ್ಡ್ ಪಾಯಿಂಟ್

ನಯವಾಗಿ ಬಾಗುವ ಕರ್ವ್‌ನಲ್ಲಿ ಯೀಲ್ಡ್ ಎಲ್ಲಿ ಎಂದು ತೋರಿಸಲು ಬರುವುದಿಲ್ಲ. ಅದಕ್ಕೆ ಒಂದು ಒಪ್ಪಂದ: ಸ್ಲೋಪ್ ಗೆರೆಯನ್ನು ಬಲಕ್ಕೆ 0.002 ಸ್ಟ್ರೇನ್‌ನಷ್ಟು ಸರಿಸಿ, ಅದು ಕರ್ವ್ ಮುಟ್ಟುವ ಜಾಗದ ಸ್ಟ್ರೆಸ್ ತೆಗೆದುಕೊಳ್ಳುವುದು. 50 ಮಿ.ಮೀ. ಗೇಜ್‌ನಲ್ಲಿ ಆ ಸರಿತ 0.1 ಮಿ.ಮೀ. ಎಲ್ಲಿಂದ ಸರಿಸಬೇಕು? ಸೊನ್ನೆಯಿಂದಲ್ಲ, ಸ್ಲೋಪ್ ಗೆರೆ ಕೆಳಗೆ ಹೋಗಿ ಸ್ಟ್ರೇನ್ ಅಕ್ಷವನ್ನು ಕಡಿಯುವ ಜಾಗದಿಂದ. ಸಾಫ್ಟ್‌ವೇರ್‌ನಲ್ಲಿ ಈ ಸೊನ್ನೆ ತಿದ್ದುಪಡಿ ಬೇರೆಯೇ ಆಯ್ಕೆಯಾಗಿರಬಹುದು. ಅದು ಆಫ್ ಇದ್ದು, ಶುರುವಿನ ಬಾಗು 0.05% ಇದ್ದರೆ ನೀವು ಅಳೆಯುತ್ತಿರುವುದು 0.2% ಅಲ್ಲ, 0.15%. ಯೀಲ್ಡ್ ಕಮ್ಮಿ ಬರುತ್ತದೆ.

ಮೈಲ್ಡ್ ಸ್ಟೀಲ್‌ನದ್ದು ಬೇರೆ ದಾರಿ. ಬಲ ಏರಿ, ಸಣ್ಣಗೆ ಕುಸಿದು, ಆಮೇಲೆ ಸಪಾಟಾಗಿ ಸಾಗುತ್ತದೆ. ಮೊದಲ ಕುಸಿತಕ್ಕೆ ಮುಂಚಿನ ಶಿಖರ ಮೇಲಿನ ಯೀಲ್ಡ್. ಸಪಾಟು ಭಾಗದ ಅತಿ ಕೆಳಗಿನ ಬಿಂದು ಕೆಳಗಿನ ಯೀಲ್ಡ್, ಆದರೆ ಕುಸಿದ ತಕ್ಷಣದ ಮೊದಲ ಗುಂಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸಾಫ್ಟ್‌ವೇರ್ ಆಗಾಗ ಆ ಗುಂಡಿಗೇ ಗುರುತು ಹಾಕಿಬಿಡುತ್ತದೆ. ಇನ್ನೂ ಕೆಟ್ಟದ್ದೆಂದರೆ ಜಾ ಸ್ವಲ್ಪ ಜಾರಿ ಬಲ ಇಳಿದರೆ ಅದನ್ನೇ ಮೇಲಿನ ಯೀಲ್ಡ್ ಎಂದುಕೊಳ್ಳುತ್ತದೆ. ಎಷ್ಟು ಕುಸಿದರೆ ಕುಸಿತ ಎನ್ನಬೇಕು ಎಂಬ ಮಿತಿ ಸೆಟ್ಟಿಂಗ್‌ನಲ್ಲಿರುತ್ತದೆ, ಅದನ್ನು ಹುಡುಕಿ ನೋಡಿ. ಗ್ರಾಫ್ ಮೇಲೆ ಗುರುತುಗಳು ಕಾಣುವಂತೆ ಇಟ್ಟುಕೊಂಡರೆ ಒಂದು ನೋಟದಲ್ಲಿ ಗೊತ್ತಾಗುತ್ತದೆ.

ಟೆನ್ಸೈಲ್ ಸ್ಟ್ರೆಂತ್ ಬಗ್ಗೆ ಹೇಳಲು ಹೆಚ್ಚಿಲ್ಲ, ಗರಿಷ್ಠ ಬಲವನ್ನು ಮೂಲ ವಿಸ್ತೀರ್ಣದಿಂದ ಭಾಗಿಸಿದರೆ ಮುಗಿಯಿತು. ಮುರಿದ ನಂತರದ ಎಲಾಂಗೇಶನ್ ಮಾತ್ರ ಗಮನಿಸಿ. ಎರಡು ತುಂಡು ಸೇರಿಸಿ, ಗುರುತುಗಳ ನಡುವೆ ಕೈಯಿಂದ ಅಳೆದದ್ದು ಒಂದು. ಕರ್ವ್‌ನ ಕೊನೆಯಲ್ಲಿ ಎಕ್ಸ್‌ಟೆನ್ಸೋಮೀಟರ್ ತೋರಿಸಿದ್ದು ಇನ್ನೊಂದು, ಅದರಲ್ಲಿ ಎಲಾಸ್ಟಿಕ್ ಹಿಗ್ಗೂ ಸೇರಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ವರದಿಗೆ ಹಾಕಬೇಡಿ. ನೆಕ್ ಎಕ್ಸ್‌ಟೆನ್ಸೋಮೀಟರ್ ಹೊರಗಾಗಿದ್ದರೆ ಆ ಎರಡನೆಯ ನಂಬರಿಗೆ ಅರ್ಥವೇ ಇಲ್ಲ.

ಒಮ್ಮೆಯಾದರೂ ನೀವೇ ಲೆಕ್ಕ ಹಾಕಿ

ಹೊಸ ಮೆಥಡ್ ಕಟ್ಟಿದಾಗ ನಾನು ರಾ ಡೇಟಾವನ್ನು ಸಿಎಸ್‌ವಿ ಫೈಲ್ ಆಗಿ ಹೊರತೆಗೆದು, ಸ್ಪ್ರೆಡ್‌ಶೀಟ್ ಅಥವಾ ಪೈಥಾನ್‌ನಲ್ಲಿ ಬೇರೆಯಾಗಿ ಲೆಕ್ಕ ಹಾಕುತ್ತೇನೆ. ಬೇಕಿರುವುದು ಮೂರು ಕಾಲಂ: ಸಮಯ, ಬಲ, ಹಿಗ್ಗು. ಸ್ಟ್ರೆಸ್ ಕಾಲಂ ತರಬೇಡಿ. ಅದು ಸಾಫ್ಟ್‌ವೇರ್ ಆಗಲೇ ವಿಸ್ತೀರ್ಣದಿಂದ ಭಾಗಿಸಿದ್ದು, ತಪ್ಪಿದ್ದರೆ ಅದೂ ಜೊತೆಗೇ ಬರುತ್ತದೆ.

ಫೈಲ್ ತೆರೆದ ಕೂಡಲೇ ಯೂನಿಟ್ ನೋಡಿ. ನ್ಯೂಟನ್ನೋ ಕಿಲೋನ್ಯೂಟನ್ನೋ, ಮಿ.ಮೀ.ಯೋ ಶೇಕಡಾವೋ? ಕಂಪ್ಯೂಟರ್‌ನ ಭಾಷೆ ಜರ್ಮನ್‌ನಂಥದ್ದಾದರೆ ದಶಮಾಂಶ ಚುಕ್ಕೆಯ ಜಾಗದಲ್ಲಿ ಅಲ್ಪವಿರಾಮ ಬಂದು ಕಾಲಂಗಳೆಲ್ಲ ಚೂರುಚೂರಾಗುತ್ತವೆ. ನ್ಯೂಟನ್ನನ್ನು ಚದರ ಮಿ.ಮೀ.ನಿಂದ ಭಾಗಿಸಿದರೆ ನೇರವಾಗಿ ಮೆಗಾಪಾಸ್ಕಲ್, ಇದೊಂದು ನೆನಪಿರಲಿ.

ಸ್ಪ್ರೆಡ್‌ಶೀಟ್ ಆದರೆ ಆರಿಸಿದ ಸಾಲುಗಳಿಗೆ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಫಾರ್ಮುಲಾ ಸಾಕು. ಪೈಥಾನ್ ಆದರೆ ಪಾಂಡಾಸ್‌ನಲ್ಲಿ ಓದಿ, ನಂಪೈನ ಪಾಲಿಫಿಟ್‌ನಿಂದ ಗೆರೆ ಎಳೆಯಿರಿ. ಆಮೇಲೆ ಪ್ರತಿ ಸಾಲಿಗೂ ಒಂದು ಹೊಸ ಕಾಲಂ ಮಾಡಿ: ಸ್ಟ್ರೆಸ್‌ನಿಂದ, ಸರಿಸಿದ ಗೆರೆಯ ಸ್ಟ್ರೆಸ್ ಕಳೆಯುವುದು. ಸ್ಲೋಪ್ ತೆಗೆದ ಜಾಗದಿಂದ ಮೇಲೆ ಹೋಗುತ್ತಾ ಇದು ಪ್ಲಸ್‌ನಿಂದ ಮೈನಸ್‌ಗೆ ಮೊದಲು ತಿರುಗುವ ಸಾಲಿನಲ್ಲಿ 0.2% ಯೀಲ್ಡ್ ಇದೆ. ಸಾಫ್ಟ್‌ವೇರ್ ಕೊಟ್ಟದ್ದಕ್ಕೂ ನಿಮ್ಮದಕ್ಕೂ ಒಂದೆರಡು ಮೆಗಾಪಾಸ್ಕಲ್ ವ್ಯತ್ಯಾಸ ಇರಲಿ, ಪರವಾಗಿಲ್ಲ. ಹತ್ತು ಹದಿನೈದು ಬಂದರೆ ಯಾರದ್ದೋ ಸ್ಲೋಪ್ ತಪ್ಪಿದೆ.

ಇದಕ್ಕಿಂತ ಗಟ್ಟಿಯಾದ ತಾಳೆ ಬೇಕೆಂದರೆ ಟೆನ್‌ಸ್ಟ್ಯಾಂಡ್ ಎಂಬ ಯುರೋಪಿನ ಯೋಜನೆಯಲ್ಲಿ ತಯಾರಾದ ಡೇಟಾ ಫೈಲ್‌ಗಳಿವೆ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಅದರಲ್ಲಿ ಇತ್ತು. ಬೇರೆ ಬೇರೆ ಲೋಹದ ಕರ್ವ್‌ಗಳು, ಜೊತೆಗೆ ಒಪ್ಪಿದ ಉತ್ತರಗಳು. ಅವನ್ನು ನಿಮ್ಮ ಲೆಕ್ಕಕ್ಕೆ ಕೊಟ್ಟು ನೋಡಿದರೆ ತಪ್ಪು ಅಲ್ಗೊರಿದಮ್‌ನಲ್ಲಿದೆಯೋ ಮೆಷಿನ್ನಿನಲ್ಲಿದೆಯೋ ಬೇರ್ಪಡುತ್ತದೆ.

ಫೈನೈಟ್ ಎಲಿಮೆಂಟ್ ಎಂಬ ಕಂಪ್ಯೂಟರ್ ಲೆಕ್ಕ ಮಾಡುವವರು ಟ್ರೂ ಸ್ಟ್ರೆಸ್ (ಆ ಕ್ಷಣದ ವಿಸ್ತೀರ್ಣದಿಂದ ಭಾಗಿಸಿದ್ದು) ಕೇಳುತ್ತಾರೆ. ಸ್ಟ್ರೆಸ್ಸನ್ನು ಒಂದು ಕೂಡಿಸು ಸ್ಟ್ರೇನ್‌ನಿಂದ ಗುಣಿಸಿ. ಟ್ರೂ ಸ್ಟ್ರೇನ್‌ಗೆ ಅದೇ ಮೊತ್ತದ ಸಹಜ ಲಾಗರಿದಮ್ ತೆಗೆಯಿರಿ. ಗರಿಷ್ಠ ಬಲದ ಬಿಂದುವಿನಲ್ಲಿ ನಿಲ್ಲಿಸಿಬಿಡಿ. ಅಲ್ಲಿಂದ ಮುಂದೆ ಹಿಗ್ಗು ನೆಕ್ಕಿನಲ್ಲಿ ಮಾತ್ರ, ಈ ಸೂತ್ರ ಸುಳ್ಳು ಹೇಳುತ್ತದೆ. ಟ್ರೂ ಸ್ಟ್ರೆಸ್ ಮತ್ತು ಪ್ಲಾಸ್ಟಿಕ್ ಸ್ಟ್ರೇನ್‌ಗಳ ಲಾಗ್-ಲಾಗ್ ಗೆರೆಯ ಸ್ಲೋಪ್ ಎನ್ ಮೌಲ್ಯ, ಹಿಗ್ಗುತ್ತಾ ಲೋಹ ಎಷ್ಟು ಗಟ್ಟಿಯಾಗುತ್ತದೆ ಎಂಬುದರ ಅಳತೆ. ಗರಿಷ್ಠ ಬಲದಲ್ಲಿ ಸ್ಟ್ರೇನ್ 20% ಇದ್ದರೆ ಟ್ರೂ ಸ್ಟ್ರೇನ್ 0.182, ಎನ್ ಕೂಡ ಸುಮಾರು ಅದರ ಹತ್ತಿರ ಬಂದರೆ ಲೆಕ್ಕ ಹಳಿ ಮೇಲಿದೆ.

ಪ್ಲಾಸ್ಟಿಕ್‌ಗೆ ಲೋಹದ ಮೆಥಡ್ಡನ್ನು ಕಾಪಿ ಮಾಡಬೇಡಿ. ಅಲ್ಲಿ ನೇರ ಭಾಗವೇ ಸರಿಯಾಗಿ ಇರುವುದಿಲ್ಲ. ಅದಕ್ಕೇ ಐಎಸ್‌ಒ 527 ವಾದಕ್ಕೆ ಎಡೆ ಕೊಡದೆ ಸ್ಟ್ರೇನ್ 0.05% ಮತ್ತು 0.25% ಎಂಬ ಎರಡು ಜಾಗ ಗೊತ್ತು ಮಾಡಿಟ್ಟಿದೆ. ಮಾಡ್ಯುಲಸ್ ಅಲ್ಲಿಂದಲೇ.

ಬ್ಯಾಚ್, ವರದಿ, ಉಳಿಸುವುದು

ಐದು ತುಂಡು ಎಳೆದಿದ್ದರೆ ಐದೂ ಕರ್ವ್‌ಗಳನ್ನು ಒಂದರ ಮೇಲೊಂದು ಹಾಕಿ. ಸರಾಸರಿ ಮುಚ್ಚಿಡುವುದನ್ನು ಇದು ತೋರಿಸುತ್ತದೆ. ಒಂದು ದೂರ ಹೋಗಿದ್ದರೆ ನಂಬರ್ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ತೆಗೆಯಬೇಡಿ. ಮುರಿದ ತುಂಡು ಕೈಗೆ ತೆಗೆದುಕೊಂಡು ನೋಡಿ. ಜಾ ಒಳಗೇ ಮುರಿದಿದೆಯೇ, ಒಳಗೆ ತೂತಿದೆಯೇ? ಕಾರಣ ಸಿಕ್ಕರೆ ಅದನ್ನು ಬರೆದು ತೆಗೆಯಿರಿ. ಸಿಗದಿದ್ದರೆ ಅದೂ ಬ್ಯಾಚಿನ ಒಂದು ಫಲಿತಾಂಶವೇ.

ವರದಿಯಲ್ಲಿ 412.37 ಮೆಗಾಪಾಸ್ಕಲ್ ಎಂದು ಬರೆಯುವುದು ಸುಳ್ಳು ಜಂಬ. ಐಎಸ್‌ಒ 6892-1 ಸ್ಟ್ರೆಂತ್‌ಗಳನ್ನು ಪೂರ್ಣ ಮೆಗಾಪಾಸ್ಕಲ್‌ಗೆ, ಮುರಿದ ನಂತರದ ಎಲಾಂಗೇಶನ್ನನ್ನು 0.5%ಗೆ, ವಿಸ್ತೀರ್ಣದ ಇಳಿಕೆಯನ್ನು 1%ಗೆ ಸರಿಹೊಂದಿಸಲು ಹೇಳುತ್ತದೆ. ಸಾಫ್ಟ್‌ವೇರ್‌ನ ರೌಂಡಿಂಗ್ ಪುಟದಲ್ಲಿ ಒಮ್ಮೆ ಹಾಕಿಟ್ಟರೆ ಮುಗಿಯಿತು.

ಪಿಡಿಎಫ್ ಉಳಿಸಿ ರಾ ಫೈಲ್ ಅಳಿಸುವವರನ್ನು ನೋಡಿದ್ದೇನೆ. ಉಲ್ಟಾ ಮಾಡಿದರೂ ನಡೆದೀತು. ರಾ ಡೇಟಾ, ಆವತ್ತು ಬಳಸಿದ ಮೆಥಡ್‌ನ ಪ್ರತಿ, ಸಾಫ್ಟ್‌ವೇರ್ ವರ್ಷನ್, ಲೋಡ್ ಸೆಲ್ ಮತ್ತು ಎಕ್ಸ್‌ಟೆನ್ಸೋಮೀಟರ್‌ನ ಸೀರಿಯಲ್ ನಂಬರ್, ಮೈಕ್ರೋಮೀಟರ್‌ನ ಮೂರು ಅಳತೆ, ಸ್ಲೋಪ್ ತೆಗೆದ ಎರಡು ಮಿತಿ, ಇಷ್ಟು ಒಂದೇ ಫೋಲ್ಡರ್‌ನಲ್ಲಿರಲಿ. ಮೆಥಡ್‌ಗೆ ಪಾಸ್‌ವರ್ಡ್ ಹಾಕಿ, ಬದಲಿಸಿದಾಗ ಹೆಸರಿನ ಕೊನೆಯ ಅಂಕಿ ಏರಿಸಿ. ಸ್ಲೋಪ್ ಗೆರೆಯನ್ನು ಕೈಯಿಂದ ಸರಿಸಿದ್ದರೆ ಯಾರು, ಏಕೆ ಸರಿಸಿದರು ಎಂದು ಕಾಮೆಂಟ್ ಜಾಗದಲ್ಲಿ ಒಂದು ಸಾಲು ಬರೆಯಿರಿ. ಆರು ತಿಂಗಳ ನಂತರ ಯಾರಾದರೂ ಆ ಯೀಲ್ಡ್ ಬಗ್ಗೆ ಕೇಳಿದರೆ, ಫೋಲ್ಡರ್ ತೆರೆದು ಅದೇ ಫೈಲನ್ನು ಮತ್ತೆ ಲೆಕ್ಕಕ್ಕೆ ಕೊಟ್ಟು ಅದೇ ನಂಬರ್ ಬರುತ್ತದೆಯೇ ಎಂದು ಅವರ ಎದುರೇ ತೋರಿಸಬಹುದು.